ನಾಲ್ಕನೇ ಸಾಲಿನ ಪ್ರಾಸ

ಪದ್ಯ ಕಟ್ಟುವುದನ್ನು ಕಲಿತವನಿಗೆ ಮೊದಲು ಹಿಡಿಯುವ ಹುಚ್ಚು ಪ್ರಾಸದ್ದು. ಹೊಳೆಯ ದಂಡೆಯ ಮಠದಲ್ಲಿ ಪದ್ಯ ಕಲಿಯುತ್ತಿದ್ದ ಮಾಚಣನಿಗೂ ಅದು ಚೆನ್ನಾಗಿಯೇ ಹಿಡಿದಿತ್ತು.

ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು. ಪ್ರಾಸ ತಪ್ಪಿದ ಪದ್ಯವನ್ನು ಕಲ್ಲಿನ ಮೇಲೆ ಕೆತ್ತಲು ಕೊಡಬಾರದು. ಇದು ಮಠದ ಕಟ್ಟಳೆ. ತಪ್ಪಿದವನನ್ನು ಜೊತೆಯವರು ಸಾಯುವತನಕ ಆಡಿಕೊಳ್ಳುತ್ತಿದ್ದರು.

ಅಂದು ಮಾಚಣನ ಮೊದಲ ಪದ್ಯ ಕಲ್ಲೇರುವ ದಿನ. ಊರ ಕೆರೆ ಕಾಯುತ್ತಿದ್ದ ನೀರುಗಂಟಿ ಕೇತ, ಕೆರೆ ಒಡೆದಾಗ ಸತ್ತಿದ್ದ. ಅವನಿಗೊಂದು ವೀರಗಲ್ಲು ನಿಲ್ಲಿಸುವವರಿದ್ದರು.

ಅಂಗಳದಲ್ಲಿ ಕಲ್ಲುಕುಟಿಗ ಬಮ್ಮೋಜ ಉಳಿ ಮಸೆಯುತ್ತಿದ್ದ.

"ಓದಪ್ಪ," ಎಂದರು ಗುರು ಸೋವಿದೇವರು.

ಮಾಚಣ ಓದಿದ.

"ಕಡುಗಲಿ ಕೇತನು ಕತ್ತಿಯ ಸೆಳೆದನು
ಗುಡುಗುತ ಕಳ್ಳರ ಕೊರಳನು ಕೊಯ್ದನು
ಬಿಡದೆಯೆ ಹುಲಿವೊಲು ಬೆನ್ನನು ಹತ್ತಿದ
ಪೊಡವಿಯ ಬಿಟ್ಟನು ಸ್ವರ್ಗವ ಪಡೆದನು."

"ಭಲೇ!" ಎಂದ ಬಮ್ಮೋಜ.

ಗುರುಗಳು ಜಗಲಿಯ ಮೇಲೆ ಕೂತಿದ್ದ ಕೇತನ ಹೆಂಡತಿ ಜಕ್ಕವ್ವೆಯ ಕಡೆ ತಿರುಗಿದರು.

"ಹೇಗಿದೆ, ತಾಯಿ?"

"ಚೆಂದಾಗಿದೆ, ಸ್ವಾಮಿ. ಹೆಸರು ನಮ್ಮೋರದೇ. ಆಳು ಯಾರು?"

ಮಾಚಣ ಕೈಯಲ್ಲಿದ್ದ ಹಲಗೆಯಿಂದ ತಲೆಯೆತ್ತಿದ.

"ನಮ್ಮೋರು ಕತ್ತಿ ಹಿಡಿದೋರಲ್ಲ," ಎಂದಳು ಜಕ್ಕವ್ವೆ. "ಮೈಮೇಲೆ ಹಲ್ಲಿ ಬಿದ್ದರೆ ಹೌಹಾರಿ ಎದ್ದು ಓಡೋರು. ಪುಕ್ಕಲ ಅಂತ ಊರೆಲ್ಲ ನಗ್ತಿತ್ತು. ಆ ದಿನ ಕೆರೆ ಏರಿ ಬಿರುಕು ಬಿಟ್ಟಾಗ ಅದರ ಮೇಲೇ ನಿಂತು ತಮಟೆ ಬಡಿದರು. ಕೈ ನಡುಗ್ತಿದ್ದದ್ದು ಬಡಿತದಲ್ಲೇ ತಿಳೀತಿತ್ತು. ನಾವೆಲ್ಲ ದಿಬ್ಬ ಹತ್ತೋವರೆಗೂ ಬಡೀತಾನೇ ಇದ್ದರು. ಆಮೇಲೆ ಸದ್ದಿಲ್ಲ."

ಗುರುಗಳು ಶಿಷ್ಯನನ್ನು ನೋಡಿದರು. "ಇದನ್ನು ನೀನು ಕೇಳಿರಲಿಲ್ಲವೋ?"

"ಕೇಳಿದ್ದೆ, ಗುರುಗಳೇ. ಕಡುಗಲಿ ಅಂತ ಶುರು ಮಾಡಿದೆ. ಪ್ರಾಸಕ್ಕೆ ಗುಡುಗು ಬಂತು. ಗುಡುಗಿದ ಮೇಲೆ ಎದುರಿಗೆ ಕಳ್ಳರು ಬೇಕಾಯಿತು..."

"ಕೇತ ಯಾವಾಗ ಬಂದ?"

ಮಾಚಣ ತಲೆ ತಗ್ಗಿಸಿದ. ಆದರೂ ಮನಸ್ಸು ಪ್ರಾಸ ಬಿಡಲೊಲ್ಲದು.

"ನಿಜ ಏನೆಂದು ಊರಿಗೆಲ್ಲ ಗೊತ್ತಲ್ಲ, ಗುರುಗಳೇ. ಪದ್ಯ ಹೀಗಿದ್ದರೇನು?"

"ಪ್ರಾಸ ಅಂದರೆ ಅಂಟು ಕಣೋ. ನಿಜ ಅಂಟಿಸಿದರೂ ಬಿಡುವುದಿಲ್ಲ, ಸುಳ್ಳು ಅಂಟಿಸಿದರೂ ಬಿಡುವುದಿಲ್ಲ. ನೋಡಿದವರು ಹೋದ ಮೇಲೆ ಕಲ್ಲೊಂದೇ ಮಾತಾಡುವುದು."

ಜಕ್ಕವ್ವೆ ಮೆಲ್ಲಗೆ ಹೇಳಿದಳು. "ಗಂಡನ ಹೆಸರು ನಾನು ಬಾಯಲ್ಲಿ ಹೇಳೋ ಹಾಗಿಲ್ಲ, ಸ್ವಾಮಿ. ಓದೋಕೂ ಬರಲ್ಲ. ದಾರೀಲಿ ಹೋಗೋರ ಕೈಲಿ ಕಲ್ಲು ಓದಿಸಿ, ನಮ್ಮೋರ ಹೆಸರು ಕಿವಿಯಾರೆ ಕೇಳ್ತಾ ಇರೋಣ ಅಂದ್ಕೊಂಡಿದ್ದೆ. ಇದನ್ನ ಓದಿಸಿದರೆ ಯಾರೋ ಬೇರೆಯೋರನ್ನ ಕರೆದ ಹಾಗಾಗುತ್ತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಲಗೆಯ ಮೇಲಿನ ಪದ್ಯವನ್ನು ಅವನು ಅಂಗೈಯಿಂದಲೇ ಅಳಿಸಿದ.

"ಬೇಗ, ಸ್ವಾಮಿ," ಎಂದ ಬಮ್ಮೋಜ. "ಹೊತ್ತು ಇಳೀತಾ ಬಂತು. ನಾಳೆ ಹೊಳೆಯಾಚೆ ಕೆಲಸ ಒಪ್ಪಿಕೊಂಡಿದ್ದೀನಿ. ಒಮ್ಮೆ ಕೆತ್ತಿದರೆ ಅಳಿಸೋಕಾಗಲ್ಲ, ನೋಡಿ ಹೇಳಿ."

ಮಾಚಣನಿಗೆ ಹೊಸದಾಗಿ ಮೂರು ಸಾಲು ಬಂದವು. ನಾಲ್ಕನೆಯದು ಬರಲಿಲ್ಲ.

ಸಿಡಿಲು ಎಂದು ಬರೆದ. ಆ ದಿನ ಸಿಡಿಲೇ ಬಡಿದಿರಲಿಲ್ಲ. ಒಡೆಯ ಎಂದು ಬರೆದ. ಕೇತನ ಸಾವಿಗೆ ಯಾವ ಒಡೆಯನೂ ಬಂದಿರಲಿಲ್ಲ. ಬರೆದ, ಅಳಿಸಿದ. ಹಣೆಯ ಬೆವರು ಹಲಗೆಯ ಮೇಲೆ ತೊಟ್ಟಿಕ್ಕಿತು.

"ಉಳಿ ಇಡಲಾ?" ಎಂದ ಬಮ್ಮೋಜ.

"ಒಂದು ಗಳಿಗೆ, ಅಣ್ಣ. ದಮ್ಮಯ್ಯ, ಒಂದೇ ಗಳಿಗೆ."

ಮಾಚಣ ಕಣ್ಣು ಮುಚ್ಚಿದ. ಜಕ್ಕವ್ವೆ ಹೇಳಿದ್ದು ಹೇಳಿದ ಹಾಗೇ ಕಿವಿಗೆ ಬಂತು. ಅದನ್ನೇ ಬರೆದ. ಎದ್ದು ನಿಂತು ಓದಿದ.

"ಒಡೆಯುವ ಏರಿಯ ಮೇಲ್ಗಡೆ ಕೇತನು
ನಡುಗುವ ಕೈಯಲಿ ತಮಟೆಯ ಬಡಿದನು
ಬಡಿದನು ಊರಿನ ಮಂದಿಯು ಓಡಲು
ಆಮೇಲೆ ಸದ್ದಿಲ್ಲ."

ಈ ಸಲ ಬಮ್ಮೋಜ ಭಲೇ ಎನ್ನಲಿಲ್ಲ. ಮಸೆಯುತ್ತಿದ್ದ ಕೈಯೂ ನಿಂತಿತ್ತು.

ಜಕ್ಕವ್ವೆ ಬಾಯಿಗೆ ಸೆರಗು ಒತ್ತಿಕೊಂಡಳು. "ಇವರೇ," ಎಂದಳು. "ಇವರೇ, ಸ್ವಾಮಿ."

ಮಾಚಣನಿಗೆ ಗುರುಗಳ ಮುಖ ನೋಡಲಾಗಲಿಲ್ಲ. ಜೊತೆಯವರ ನಗು ಈಗಲೇ ಕೇಳಿದಂತಾಗುತ್ತಿತ್ತು.

"ಕ್ಷಮಿಸಿ, ಗುರುಗಳೇ. ನಾಲ್ಕನೇ ಸಾಲಿಗೆ ಪ್ರಾಸ ತಪ್ಪಿದೆ. ಓದುತ್ತಾ ಓದುತ್ತಾ ಬಡಿತ ಅಲ್ಲಿ ತಟ್ಟನೆ ನಿಂತುಬಿಡುತ್ತದೆ."

ಸೋವಿದೇವರು ಹಲಗೆಯನ್ನು ಅವನ ಕೈಯಿಂದ ತೆಗೆದು ಬಮ್ಮೋಜನಿಗೆ ಕೊಟ್ಟರು.

"ಅವತ್ತೂ ಹಾಗೇ ನಿಂತಿತು, ಮಾಚಣ. ಬಮ್ಮೋಜಾ, ಉಳಿ ಇಡಪ್ಪ."