ಸಿಪಾಯಿ ದ್ಯಾಮಣ್ಣನ ಬಾಕು

ಕೋಟೆಗೆ ಏಳು ಬಾಗಿಲಿದ್ದ ಕಾಲದಲ್ಲಿ, ಒಂದಾನೊಂದು ಊರಲ್ಲಿ ದ್ಯಾಮಣ್ಣ ಅಂತ ಒಬ್ಬ ಸಿಪಾಯಿ ಇದ್ದನಂತೆ. ಹನ್ನೆರಡು ವರ್ಷ ರಾಜನ ದಂಡಿನಲ್ಲಿದ್ದು, ದಂಡಿನ ಬಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಬಂದನಂತೆ. ಎಂಥ ಬಾಕು ಅಂತೀರಿ! ಮೂರು ಯುದ್ಧ ಕಂಡರೂ ಅಲಗಿಗೆ ಒಂದು ಮುಕ್ಕು ಬಿದ್ದಿರಲಿಲ್ಲವಂತೆ. ಈಗಿನ ಚಾಕುಗಳು ಈರುಳ್ಳಿ ಕಂಡರೇ ಬಾಗುತ್ತವೆ, ಬಿಡಿ.

ಮನೆಗೆ ಬಂದಮೇಲೆ ಅದೇನು ಒರೆಯಲ್ಲಿ ಕೂತು ನಿದ್ದೆ ಹೊಡೀತಾ? ಇಲ್ಲ. ದ್ಯಾಮಣ್ಣ ಅದರಲ್ಲೇ ಕಬ್ಬು ಸವರಿದ, ಹಗ್ಗ ಕೊಯ್ದ, ಗೂಟ ಚೂಪು ಮಾಡಿದ. ಹೆಂಡತಿ ಹಾಲವ್ವ ಅದರಲ್ಲೇ ಕುಂಬಳಕಾಯಿ ಸೀಳಿದಳು, ತೆಂಗಿನಕಾಯಿ ಸುಲಿದಳು, ಗೆಣಸು ಅಗೆದಳು. ಅವನು ಹೊಲಕ್ಕೆ ಬೇಕು ಅಂದರೆ ಇವಳು ಅಡುಗೆಗೆ ಬೇಕು ಅನ್ನೋಳು. ದಿನಾ ಅದಕ್ಕೊಂದು ಜಗಳ, ಜಗಳ ಆದಮೇಲೆ ಒಟ್ಟಿಗೆ ಊಟ. ಹಿಂಗೇ ಮೂವತ್ತು ವರ್ಷ ಕಳೀತಂತೆ. ಅಂಥ ದಿನ ಈಗೆಲ್ಲಿ ಬರಬೇಕು!

ಒಂದು ದಿನ ದ್ಯಾಮಣ್ಣ ತೀರಿಹೋದ. ಹಾಲವ್ವನಿಗೆ ಜಗಳಕ್ಕೂ ಜನ ಇಲ್ಲದ ಹಾಗಾಯ್ತು. ಬಾಕು ಹಿಡಿದಾಗ ಮಾತ್ರ ಗಂಡ ಪಕ್ಕದಲ್ಲೇ ಇದ್ದಾನೆ ಅನ್ನಿಸೋದಂತೆ. ಆದರೆ ಆ ರಾಜ್ಯದ ಕಟ್ಟಳೆ ಏನು? ಬದುಕಿರೋತನಕ ಬಾಕು ಸಿಪಾಯಿಯದು, ಸತ್ತರೆ ವಾಪಸ್ಸು ದಂಡಿಗೆ. ಹನ್ನೊಂದನೇ ದಿನಕ್ಕೇ ರಾಜನ ಭಟರು ಬಂದು ತಗೊಂಡು ಹೋದರು. ಮುದುಕಿ ಅವರ ಹಿಂದೆ ಹಿಂದೆಯೇ ನಡೆದು ಅರಮನೆ ಮುಟ್ಟಿದಳಂತೆ.

ಬಾಕನ್ನು ಹೊಸಬರಿಗೆ ಕೊಡಬೇಕಲ್ಲ, ರಾಜನ ಎದುರಿಗೆ ಹೊಸ ಸಿಪಾಯಿಯೊಬ್ಬ ಹಿಡಿದು ನೋಡಿದ, ಹಿಡಿತ ಸಿಗಲಿಲ್ಲ. ಎರಡನೆಯವನು ಹಿಡಿದ, ಜಾರಿತು. ಮೂರನೆಯವನ ಕೈಯಿಂದ ಕೆಳಗೇ ಬಿತ್ತು. ಇದೇನಪ್ಪಾ ಅಂತ ರಾಜ ತಾನೇ ಎತ್ತಿಕೊಂಡು ನೋಡಿದ. ಅಲಗು ಇನ್ನೂ ಹೊಸದರ ಹಾಗೇ ಹೊಳೀತಿತ್ತು. ಕೊಂಬಿನ ಹಿಡಿ ಮಾತ್ರ ಎರಡೂ ಕಡೆ ಸವೆದು ಹಳ್ಳ ಬಿದ್ದಿತ್ತಂತೆ.

"ಈ ಕಡೆ ಹಳ್ಳ ಸಿಪಾಯಿಯ ಬಲಗೈದು. ಆ ಕಡೆದು ಯಾರದಮ್ಮ?" ಅಂತ ರಾಜ ಬಾಗಿಲಲ್ಲಿ ನಿಂತಿದ್ದ ಹಾಲವ್ವನನ್ನು ಕೇಳಿದ.

"ನಂದು ಬುದ್ಧಿ, ನಾನು ಎಡಚಿ. ಅವರು ಇಟ್ಟಲ್ಲಿಂದ ನಾನು ತಗೊಳ್ತಿದ್ದೆ, ನಾನು ಇಟ್ಟಲ್ಲಿಂದ ಅವರು ತಗೊಳ್ತಿದ್ರು. ಈಗ ಇಡೋಳೂ ನಾನೇ, ತಗೊಳ್ಳೋಳೂ ನಾನೇ. ಅದನ್ನೂ ಕಿತ್ಕೊಂಡ್ರೆ ಹೆಂಗೆ ಬುದ್ಧಿ?"

ರಾಜ ಬಾಕನ್ನು ಅವಳ ಎಡಗೈಗೇ ಕೊಟ್ಟು, "ಇದರಲ್ಲಿ ಮೂರನೇ ಕೈಗೆ ಜಾಗ ಇಲ್ಲಮ್ಮ, ಮನೆಗೆ ತಗೊಂಡು ಹೋಗು" ಅಂದನಂತೆ.

ಅವತ್ತಿಂದ ಆ ರಾಜ್ಯದಲ್ಲಿ ಸತ್ತ ಸಿಪಾಯಿಯ ಬಾಕು ಅವನ ಮನೆಯಲ್ಲೇ ಉಳೀತಂತೆ. ಹಾಲವ್ವ ಅಲ್ಲಿ ಒಲೆ ಹಚ್ಚಿದಳು, ನಮ್ಮ ಕಥೆ ಇಲ್ಲಿ ಬೆಂದಿತು. ಏಳಿ, ಕೈ ತೊಳೀರಿ.