ಮುಂದೆ ತಮ್ಮನ ಟೈರು, ಹಿಂದೆ ಅಣ್ಣನ ಟೈರು

"ಬುದ್ಧೀ, ಇಬ್ಬರಿಗೂ ಬೇಜಾರಾಗದ ಹಂಗೆ ನ್ಯಾಯ ಹೇಳೋದು ತಪ್ಪಾ?"

ಮುರಿಗೆಪ್ಪ ಹೀಗೆ ಕೇಳಿದಾಗ ಗುರುಗಳು ಮಠದ ಹಿಂದಿನ ಕಲ್ಲುಹಾಸಿನ ಮೇಲೆ ಒಬ್ಬರೇ ಕುಳಿತಿದ್ದರು. ಮುರಿಗೆಪ್ಪ ಅವರ ಹಳೆಯ ಶಿಷ್ಯ. ಊರಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವನು. ಊರಿನ ಜಗಳಗಳು ಪೊಲೀಸ್ ಠಾಣೆಗೆ ಹೋಗುವ ಮೊದಲು ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದವು. ಹಿಂದಿನ ದಿನವೂ ಒಂದು ಹತ್ತಿತ್ತು. ಗಂಡ ಹೊಡೆಯುತ್ತಾನೆ ಎಂದು ಒಬ್ಬ ಹೆಂಗಸು ಬಂದಿದ್ದಳು. ಮುರಿಗೆಪ್ಪ ಗಂಡನನ್ನೂ ಕರೆಸಿ ಇಬ್ಬರನ್ನೂ ಎದುರಿಗೆ ಕೂರಿಸಿದ. ಅವನು ಕೈ ಬಿಗಿ ಹಿಡಿಯಬೇಕು, ಇವಳು ನಾಲಿಗೆ ಬಿಗಿ ಹಿಡಿಯಬೇಕು ಎಂದು ತೀರ್ಮಾನ ಹೇಳಿದ. ಗಂಡ ಕಾಲಿಗೆ ಬಿದ್ದು ಎದ್ದ. ಹೆಂಗಸು ಬೀಳಲಿಲ್ಲ. ಮುರಿಗೆಪ್ಪನ ಮುಖವನ್ನು ಒಂದು ಗಳಿಗೆ ನೋಡಿ, ಸೆರಗು ಹೊದ್ದುಕೊಂಡು ಹೊರಟುಹೋದಳು. ಆ ನೋಟ ಅವನಿಗೆ ಅನ್ನ ಇಳಿಯಗೊಟ್ಟಿರಲಿಲ್ಲ.

"ಸಮಸಮವಾಗೇ ಹೇಳಿದೆ ಬುದ್ಧೀ. ಆದ್ರೂ ಆಯಮ್ಮಂಗೆ ಯಾಕೆ ಒಪ್ಪಿಗೆ ಆಗ್ಲಿಲ್ಲ?"

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದವಸದ ವ್ಯಾಪಾರಿ ಇದ್ದ. ಮಾತಿನಲ್ಲಿ ಮೃದು, ನಡತೆಯಲ್ಲಿ ಶುದ್ಧ. ಯಾರ ಮನೆಯಲ್ಲಿ ಜಗಳವಾದರೂ ಅವನನ್ನೇ ಕರೆಯುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅವನ ಪದ್ಧತಿ. ಇಬ್ಬರು ಬಂದರೆ ಇಬ್ಬರಿಗೂ ಅರ್ಧ ಅರ್ಧ. ಅವನ ಜಗುಲಿಯಿಂದ ಮುಖ ಊದಿಸಿಕೊಂಡು ಇಳಿದವರನ್ನು ಊರು ಕಂಡಿರಲಿಲ್ಲ. ಈ ಮಾತನ್ನು ಜನ ಆಡಿದಾಗ ವ್ಯಾಪಾರಿ ತಲೆ ತಗ್ಗಿಸುತ್ತಿದ್ದ. ತಗ್ಗಿಸಿದ ತಲೆಯೊಳಗೆ ಅದನ್ನೇ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದ. ಮನುಷ್ಯನಿಗೆ ಹೊಗಳಿಕೆ ಬೆಲ್ಲವಿದ್ದ ಹಾಗೆ. ಬಾಯಲ್ಲಿಟ್ಟುಕೊಂಡವನು ಬೇಗ ನುಂಗುವುದಿಲ್ಲ.

ಅವನಿಗೆ ಒಬ್ಬಳೇ ತಂಗಿ. ಗಂಡನನ್ನು ಕಳೆದುಕೊಂಡವಳು. ಅವಳ ಇಬ್ಬರು ಗಂಡುಮಕ್ಕಳಲ್ಲಿ ಅಣ್ಣ ಶಾಲೆಯ ಮೇಷ್ಟ್ರು, ತಮ್ಮ ಮೊಬೈಲ್ ಅಂಗಡಿಯವನು. ಇಬ್ಬರಿಗೂ ಮದುವೆಯಾಗಿತ್ತು. ಆದರೂ ಮನೆಯಲ್ಲಿ ಒಲೆ ಒಂದೇ ಇತ್ತು. ತಂಗಿಗೆ ಬದುಕಿನಲ್ಲಿ ಉಳಿದಿದ್ದ ಸಂತೋಷವೆಂದರೆ ಅದೊಂದೇ.

ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ಕಾರು ಕೊಂಡಿದ್ದರು. ಮೋಟು ಬಾಲದ ಚಿಕ್ಕ ಕಾರು, ಆದರೆ ಓಟಕ್ಕೆಂದೇ ಮಾಡಿದ್ದು. ಕಾಲು ತಗುಲಿಸಿದರೆ ಸಾಕು, ಮುಂದಕ್ಕೆ ಜಿಗಿಯುತ್ತಿತ್ತು. ಬೆಳಿಗ್ಗೆ ಅಣ್ಣ ಅದರಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ. ಸಂಜೆ ಅದು ತಮ್ಮನ ಕೈಗೆ ಬರುತ್ತಿತ್ತು. ಹೀಗೆ ಓಡಿ ಓಡಿ ಅದರ ನಾಲ್ಕೂ ಟೈರುಗಳು ಬೋಳಾದವು.

ಹೊಸ ಟೈರು ಯಾವುದು ಎಂಬಲ್ಲಿ ಜಗಳ ಹುಟ್ಟಿತು. ತಮ್ಮನಿಗೆ ಮೆತ್ತನೆಯ ರಬ್ಬರಿನದು ಬೇಕು. ಅದು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಅಣ್ಣನಿಗೆ ಗಟ್ಟಿ ರಬ್ಬರಿನದು ಬೇಕು. ಅದು ಬಹಳ ಕಾಲ ಬಾಳುತ್ತದೆ, ಒದ್ದೆ ನೆಲದಲ್ಲಿ ಹಿಡಿತ ಸ್ವಲ್ಪ ಕಡಿಮೆ.

"ಈ ಕಾರಿಗೆ ಗಟ್ಟಿ ಟೈರ್ ಹಾಕೋದೂ ಒಂದೇ, ಓಡೋ ಕುದುರೆಗೆ ಎಮ್ಮೆ ಗೊರಸು ಕಟ್ಟೋದೂ ಒಂದೇ" ಎಂದ ತಮ್ಮ.

"ವರ್ಷ ತುಂಬೋದ್ರೊಳಗೆ ಸವೆಯೋ ಟೈರು ಬೇಕಾಗಿರೋದು ನಿನ್ನ ಶೋಕಿಗೆ. ಮನೆಗಲ್ಲ" ಎಂದ ಅಣ್ಣ.

ಟೈರಿನ ಮಾತು ಟೈರಿನಲ್ಲೇ ನಿಲ್ಲಲಿಲ್ಲ. ಯಾರು ಮನೆಗೆ ಎಷ್ಟು ದುಡಿದರು, ಯಾರ ಹೆಂಡತಿ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬಲ್ಲಿಗೆ ಹೋಯಿತು. ಸೊಸೆಯರು ಮಾತು ಬಿಟ್ಟರು. ಒಬ್ಬಳು ಸಾರಿಟ್ಟರೆ ಇನ್ನೊಬ್ಬಳು ಹೊರಗಿನಿಂದ ತಿಂಡಿ ತರಿಸಿಕೊಂಡಳು. ತಂಗಿ ಹೆದರಿ ವ್ಯಾಪಾರಿಯ ಹತ್ತಿರ ಓಡಿ ಬಂದಳು.

"ಅಣ್ಣಯ್ಯಾ, ಟೈರು ಯಾವ್ದಾದ್ರೂ ಆಗ್ಲಿ. ನನ್ನ ಮನೇಲಿ ಒಲೆ ಎರಡಾಗದ ಹಂಗೆ ನೋಡ್ಕೋ."

ವ್ಯಾಪಾರಿ ಸೋದರಮಾವ. ಸೋದರಮಾವನ ಮಾತಿಗೆ ಎದುರಿಲ್ಲ. ಅವನು ಅಣ್ಣನ ಮಾತು ಕೇಳಿದ, ತಮ್ಮನ ಮಾತು ಕೇಳಿದ. ಇಬ್ಬರದೂ ಸರಿ ಎನಿಸಿತು. ಅವನಿಗೆ ಯಾವಾಗಲೂ ಇಬ್ಬರದೂ ಸರಿ ಎನಿಸುತ್ತಿತ್ತು. ಕೊನೆಗೆ ನಾಲ್ಕು ಜನರ ಎದುರಿಗೆ ತೀರ್ಪು ಹೇಳಿದ. ಮುಂದಿನ ಎರಡು ಚಕ್ರಕ್ಕೆ ತಮ್ಮನ ಟೈರು, ಹಿಂದಿನ ಎರಡು ಚಕ್ರಕ್ಕೆ ಅಣ್ಣನ ಟೈರು. "ಕಿರಿಯ ಮುಂದೆ ಓಡಲಿ, ಹಿರಿಯ ಹಿಂದೆ ನಿಂತು ಕಾಯಲಿ" ಎಂದು ಒಂದು ಮಾತನ್ನೂ ಸೇರಿಸಿದ. ಕೂತವರು ಆಹಾ ಎಂದರು. ಮಾತು ಚೆನ್ನಾಗಿದ್ದರೆ ಅದು ನಿಜವೋ ಅಲ್ಲವೋ ಎಂದು ಕೇಳುವವರು ಕಡಿಮೆ.

ಮಾವ ಅಳಿಯಂದಿರು ಮೂವರೂ ಕೂಡಿ ಟೈರಿನ ಅಂಗಡಿಗೆ ಹೋದರು. ಅಂಗಡಿಯವನು ಕೇಳಿ ನಕ್ಕ. ಅಪಹಾಸ್ಯದ ನಗುವಲ್ಲ, ಗಿರಾಕಿಯನ್ನು ನೋಯಿಸಬಾರದೆಂಬ ನಗು.

"ಹಂಗೆ ಬೆರೆಸ್ಬೇಡಿ ಸ್ವಾಮಿ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಂಗಾಗುತ್ತೆ. ಯಾವ್ದಾದ್ರೂ ಸರಿ, ನಾಲ್ಕೂ ಒಂದೇ ಥರದ್ದು ಹಾಕ್ಸಿ."

ಅಣ್ಣ ಸ್ವಲ್ಪ ಹೊತ್ತು ಕಾರನ್ನು ನೋಡಿದ. ಆಮೇಲೆ ತಮ್ಮನನ್ನು ನೋಡಿದ. ಅವನ ದನಿ ಇಳಿದಿತ್ತು.

"ಹೋಗ್ಲಿ ಬಿಡಿ ಮಾವ. ನಾಲ್ಕೂ ಅವನ್ದೇ ಹಾಕ್ಸೋಣ. ಅಮ್ಮ ಕೂರೋ ಕಾರು."

ತಮ್ಮ ತಲೆ ಕೆರೆದುಕೊಂಡ. "ಇಲ್ಲಣ್ಣ, ನಿಂದೇ ಆದ್ರೂ ನಡೆಯುತ್ತೆ" ಎಂದ.

ಜಗಳ ಅಲ್ಲಿಗೆ ಮುಗಿದಿತ್ತು. ಅಂಗಡಿಯ ಬಾಗಿಲಲ್ಲಿ, ಗ್ರೀಸಿನ ವಾಸನೆಯ ನಡುವೆ, ಎರಡು ಮಾತಿನಲ್ಲಿ ಮುಗಿದಿತ್ತು. ಅದನ್ನು ಮುಗಿಯಗೊಡದವನು ವ್ಯಾಪಾರಿ. ಅಣ್ಣ ಸೋತು ಹೋದರೆ ನಾಳೆ ಅವನ ಹೆಂಡತಿ ಏನಂದಾಳು? ಮಾವ ಕಿರಿಯನ ಕಡೆ ವಾಲಿದ ಎಂದಾಳು. ತಮ್ಮ ಸೋತರೆ ಅವನ ಹೆಂಡತಿಯೂ ಅದನ್ನೇ ಅಂದಾಳು. ನಾಲ್ಕು ಜನರ ಮುಂದೆ ಆಡಿದ ಆ ಚೆಂದದ ಮಾತು ಏನಾಗಬೇಕು? ಊರೆಲ್ಲ ಅದನ್ನಾಗಲೇ ಆಡಿಕೊಳ್ಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವನ ಜಗುಲಿಯಲ್ಲಿ ಯಾರೂ ಸೋತಿರಲಿಲ್ಲ.

"ನನ್ನ ನ್ಯಾಯದಲ್ಲಿ ಸೋತೋರು ಇರಬಾರ್ದು ಕಣ್ರಪ್ಪಾ. ಹೇಳಿದ ಹಂಗೇ ಹಾಕ್ಸಿ" ಎಂದ.

ಅಳಿಯಂದಿರು ಮುಖ ಮುಖ ನೋಡಿಕೊಂಡರು. ಮಾವನಿಗೆ ಎದುರು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಅಂಗಡಿಯವನು ಭುಜ ಕೊಡವಿ ಜಾಕು ತಂದ. ಮುಂದೆ ತಮ್ಮನದು, ಹಿಂದೆ ಅಣ್ಣನದು. ಹಾಕಿಸಿಕೊಂಡು ಬಂದರು.

ಬೇಸಿಗೆಯಿಡೀ ಕಾರು ಚೆನ್ನಾಗಿ ಓಡಿತು. ಒಣ ರಸ್ತೆಯಲ್ಲಿ ಎಲ್ಲ ಟೈರೂ ಒಳ್ಳೆಯದೇ. ಸೊಸೆಯರು ಮತ್ತೆ ಮಾತಾಡಿದರು. ತಂಗಿ ಅಣ್ಣಯ್ಯನ ಮನೆಗೆ ಹೋಳಿಗೆ ಕಳಿಸಿದಳು. ವ್ಯಾಪಾರಿಯ ತೀರ್ಪನ್ನು ಜನ ಬೇರೆ ಊರಿನ ಪಂಚಾಯಿತಿಗಳಲ್ಲೂ ಹೇಳಿದರು. ತಾನು ತಂಗಿಯ ಮನೆಯನ್ನು ಉಳಿಸಿದೆ ಎಂದು ಅವನು ನಿಜವಾಗಿಯೇ ನಂಬಿದ. ಅದರಲ್ಲಿ ಮೋಸವಿರಲಿಲ್ಲ. ಮೋಸವಿದ್ದಿದ್ದರೆ ಎಂದಾದರೂ ಬಯಲಾಗುತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ದಿನ, ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಅವರು ಕಾರಿನಲ್ಲಿ ಹೊರಟರು. ಅಣ್ಣನಿಗೆ ಶಾಲೆಯಿತ್ತು, ಬರಲಿಲ್ಲ. ತಮ್ಮ ಓಡಿಸಿದ. ಸೋದರಮಾವನೆಂಬ ಮರ್ಯಾದೆಗೆ ವ್ಯಾಪಾರಿಯನ್ನು ಮುಂದೆ ಕೂರಿಸಿದರು. ತಂಗಿ ಹಿಂದೆ ಕೂತಳು. ದಾರಿಯುದ್ದಕ್ಕೂ ಅವಳು ಚಿಕ್ಕಂದಿನ ಮಾತಾಡಿದಳು. ತಮ್ಮ ನಿಧಾನವಾಗಿ ಓಡಿಸಿದ. ತಾಯಿ ಕೂತ ಕಾರಿನಲ್ಲಿ ಅವನು ಎಂದೂ ಓಟ ತೋರಿಸಿದವನಲ್ಲ. ವ್ಯಾಪಾರಿ ಇದನ್ನು ಕಣ್ಣಾರೆ ಕಂಡ.

ಹಳ್ಳದ ಸೇತುವೆಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ತಮ್ಮ ಬ್ರೇಕ್ ಒತ್ತಿದ. ಮುಂದಿನ ಚಕ್ರಗಳು ಒದ್ದೆ ರಸ್ತೆಯನ್ನು ಕಚ್ಚಿ ಹಿಡಿದವು. ಹಿಂದಿನವು ಹಿಡಿಯಲಿಲ್ಲ. ವ್ಯಾಪಾರಿ ಕೂತಿದ್ದ ಭಾಗ ನಿಲ್ಲುತ್ತಿತ್ತು, ತಂಗಿ ಕೂತಿದ್ದ ಭಾಗ ಸುತ್ತಿಕೊಂಡು ಹೋಗುತ್ತಿತ್ತು. ಅವನು ಹಿಂದಕ್ಕೆ ಕೈ ಚಾಚಿದ. ಕಾರಿನ ಹಿಂಬದಿ ಸೇತುವೆಯ ಕಲ್ಲುಕಟ್ಟೆಗೆ ಬಡಿಯಿತು. ಅವನಿಗೂ ತಮ್ಮನಿಗೂ ತರಚು ಗಾಯವಾಯಿತು. ತಂಗಿ ಅಲ್ಲೇ ಹೋದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರೂ ವ್ಯಾಪಾರಿಯ ಜಗುಲಿಗೆ ಬಂದರು. ಅವರ ಹಿಂದೆ ಊರಿನ ನಾಲ್ಕು ಜನವೂ ಬಂದು ಕೂತರು.

"ಇವನು ಜೋರಾಗಿ ಓಡ್ಸಿ ಅಮ್ಮನ್ನ ತಿಂದ" ಎಂದ ಅಣ್ಣ.

"ಜಾರಿದ್ದು ಹಿಂದಿನ ಟೈರು. ಅದು ನಿಂದು" ಎಂದ ತಮ್ಮ. "ಮಾವ, ಕಾರಲ್ಲಿ ನೀವಿದ್ರಿ. ನೀವೇ ಹೇಳಿ, ತಪ್ಪು ಯಾರ್ದು?"

ವ್ಯಾಪಾರಿಗೆ ಗೊತ್ತಿತ್ತು. ತಮ್ಮ ಜೋರಾಗಿ ಓಡಿಸಲಿಲ್ಲ. ಅಣ್ಣನ ಟೈರೂ ಕೆಟ್ಟದ್ದಲ್ಲ. ನಾಲ್ಕೂ ತಮ್ಮನದಾಗಿದ್ದರೆ, ಇಲ್ಲವೇ ನಾಲ್ಕೂ ಅಣ್ಣನದಾಗಿದ್ದರೆ, ತಂಗಿ ಆ ದಿನ ನೆಂಟರ ಮನೆಯಲ್ಲಿ ಊಟ ಮಾಡಿ ಬರುತ್ತಿದ್ದಳು. ಇಬ್ಬರೂ ಬೇಡವೆಂದದ್ದನ್ನು ಹಾಕಿಸಿದವನು ತಾನು. ಇಷ್ಟನ್ನು ಹೇಳಿಬಿಟ್ಟರೆ ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತಾರು. ತನ್ನ ಮೇಲೆ ಉಗುಳಿಯಾರು, ಆದರೆ ಒಲೆ ಒಂದೇ ಉಳಿದೀತು. ತಂಗಿ ಬೇಡಿಕೊಂಡಿದ್ದು ಅದೊಂದನ್ನೇ.

ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅವನು ಕೂತ ಜನರತ್ತ ಒಮ್ಮೆ ನೋಡಿದ. ಎಲ್ಲರ ಮುಖದಲ್ಲೂ ಅದೇ ಹಳೆಯ ಗೌರವವಿತ್ತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ತಪ್ಪು ಇಬ್ಬರದೂ ಅರ್ಧ ಅರ್ಧ ಕಣ್ರಪ್ಪಾ."

ಅವರು ತಲೆಯಾಡಿಸಿ ಎದ್ದರು. ಮುಖ ಊದಿಸಿಕೊಂಡು ಹೋಗಲಿಲ್ಲ. ಅವರ ಮುಖದಲ್ಲಿ ಏನೂ ಉಳಿದಿರಲಿಲ್ಲ. ತಾಯಿಯನ್ನು ಕೊಂದ ಪಾಪದ ಅರ್ಧವನ್ನು ಒಬ್ಬೊಬ್ಬನೂ ಹೊತ್ತುಕೊಂಡು ಮನೆಗೆ ಹೋದ. ಉಳಿದರ್ಧವನ್ನು ಊಟದ ಹೊತ್ತಿಗೆ ಎದುರು ಕೂತ ಒಡಹುಟ್ಟಿದವನ ಮುಖದಲ್ಲಿ ಕಂಡ. ಹೀಗೆ ಯಾರು ಎಷ್ಟು ದಿನ ಉಂಡಾರು? ಮನೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾಯಿತು. ತಮ್ಮ ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ಅಣ್ಣ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟ.

ಊರಿನವರು ವ್ಯಾಪಾರಿಯನ್ನು ಇನ್ನೂ ಹೆಚ್ಚು ಹೊಗಳಿದರು. ಸತ್ತವಳು ಸ್ವಂತ ತಂಗಿಯಾದರೂ ಆ ಪುಣ್ಯಾತ್ಮ ಒಂದು ಕಡೆಗೆ ವಾಲಲಿಲ್ಲ ನೋಡಿ ಎಂದರು. ಅದನ್ನು ಅವನ ಎದುರಿಗೇ ಹೇಳಿದರು. ಕೇಳಿ ಅವನಿಗೆ ಅಳು ಬಂತು. ಅಳುತ್ತಲೇ ಅವರಿಗೆ ಕೈ ಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಅವನಿಗೆ ಆ ವ್ಯಾಪಾರಿಯ ಮೇಲೆ ಕೋಪ ಬರಬೇಕಾಗಿತ್ತು. ಬಂದದ್ದು ಕರುಣೆ.

"ಪಾಪ, ಆತನ ಮನಸ್ಸಲ್ಲಿ ಕೆಟ್ಟದ್ದೇನೂ ಇರ್ಲಿಲ್ಲ ಬುದ್ಧೀ" ಎಂದ. "ಯಾರ ಕಡೆಗೂ ಹೋಗ್ದೆ ನಡುವೆ ನಿಂತ, ಅಷ್ಟೇ."

ಗುರುಗಳು ಎದ್ದು ನಿಂತರು.

"ನಡುವೆ ನಿಂತವನಿಗೆ ಪೆಟ್ಟು ಬೀಳುವುದಿಲ್ಲ ಮುರಿಗೆಪ್ಪ, ನಿನ್ನೆ ನೀನು ಅಲ್ಲಿ ನಿಂತದ್ದು ಅದಕ್ಕೇ."