ತಿಪ್ಪೆಯ ಮೇಲಿನ ಹೀಚು

ಹೊಳೆಯ ದಂಡೆಯಲ್ಲಿ ಒಂದು ಪುಟ್ಟ ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಈರಯ್ಯ ಆ ಮಠಕ್ಕೆ ಕರೆಯದೆ ಬಂದವನು. ದಾಸೋಹದ ಊಟಕ್ಕೆ ಕೂತ, ಉಂಡ ಎಲೆ ಎತ್ತಿದ, ಹಾಗೇ ಉಳಿದುಬಿಟ್ಟ. ಹನ್ನೆರಡು ವರ್ಷದಿಂದ ಅವನದು ಒಂದೇ ಕೆಲಸ. ಕಾಯಿಪಲ್ಲೆ ಹೆಚ್ಚುವುದು, ಸಿಪ್ಪೆ, ಬೀಜ ಎಲ್ಲ ಬುಟ್ಟಿಗೆ ತುಂಬಿ ಹಿತ್ತಿಲ ತಿಪ್ಪೆಗೆ ಸುರಿಯುವುದು. ಪಾಠ ನಡೆಯುವಾಗ ಬಾಗಿಲ ಹೊರಗೆ ಕೂತು ಕೇಳುತ್ತಿದ್ದ.

ಭಕ್ತರು ಬಂದರೆ ಅಜ್ಜಾರು ಶಿಷ್ಯರನ್ನು ಒಬ್ಬೊಬ್ಬರನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದರು.

"ಇವ ಚಲೋ ಹಾಡತಾನ. ಇವ ವ್ಯಾಕರಣದಾಗ ಹುಲಿ."

ಈರಯ್ಯನ ಸರದಿ ಬಂದಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಅಯ್ಯೋ, ಅದನ್ನು ಎಷ್ಟು ಸಲ ಅಂತ ಸಹಿಸುವುದು! ಹೊಟ್ಟೆ ತುಂಬಿದರೆ ಮನಸ್ಸು ತುಂಬುತ್ತದೆಯೇ?

ಒಂದು ಬೆಳಗ್ಗೆ ಅವನು ತೀರ್ಮಾನ ಮಾಡಿಬಿಟ್ಟ. ಇವತ್ತಿನ ಹರಿಗೋಲಿಗೆ ಹೊರಡುವುದೇ ಸೈ. ಗಂಟು ಕಟ್ಟಿ ಹೆಗಲಿಗೇರಿಸಿದ. ಉಳಿದ ಒಂದು ಬುಟ್ಟಿ ಸಿಪ್ಪೆ ಸುರಿದು ಹೋಗೋಣವೆಂದು ಹಿತ್ತಿಲಿಗೆ ನಡೆದ.

ಹೊಳೆಯ ಮಂಜು ಹಿತ್ತಿಲಿಗೆಲ್ಲ ಏರಿ ಬಂದಿತ್ತು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದು. ಆ ಬಿಳುಪಿನೊಳಗೆ ಒಂದು ಹಳದಿ ಹೂ ತೇಲುತ್ತಿತ್ತು. ಆಚೆ ಇನ್ನೊಂದು. ಅದರಾಚೆ ಮತ್ತೊಂದು.

ದಿನಾ ಬುಟ್ಟಿ ಬೋರಲು ಹಾಕಿ ಹಿಂದಿರುಗುತ್ತಿದ್ದವನು ಅಂದು ಹೂವಿನ ಬೆನ್ನು ಹತ್ತಿ ತಿಪ್ಪೆಯ ಆಚೆ ಮಗ್ಗುಲಿಗೆ ಹೋದ.

ಅಲ್ಲೆಲ್ಲ ಕುಂಬಳದ ಬಳ್ಳಿ. ಅಗಲವಾದ ಎಲೆಗಳ ನಡುವೆ ಅಜ್ಜಾರು ಕುಕ್ಕರುಗಾಲಲ್ಲಿ ಕೂತಿದ್ದರು.

"ಅಜ್ಜಾರ, ಇದನ್ನ ಯಾರು ಬಿತ್ತಿದರ್ರೀ?"

"ಯಾರೂ ಬಿತ್ತಿಲ್ಲ. ನೀ ಚೆಲ್ಲಿದ್ದಿ. ತಾನಾ ಎದ್ದು ಬಂದೈತಿ."

"ಕರೀದ ಬಂದದ್ದು ಅನ್ರಿ," ಅಂದ ಈರಯ್ಯ. ದನಿ ಕಹಿಯಾಗಿತ್ತು. "ಕಿತ್ತು ಒಗೀಲೇನು?"

"ಎರಡು ತಿಂಗಳಿಂದ ಈ ಕಡೆ ಒಂದು ದನಾ ಕರಾನೂ ಬಿಟ್ಟಿಲ್ಲ ನಾ."

ಆಗ ಗಾಳಿಗೆ ಒಂದು ಎಲೆ ಸರಿಯಿತು. ಅದರಡಿ ಒಂದು ಹೀಚು, ನಿಂಬೆಹಣ್ಣಿನಷ್ಟು. ಬಾಡಿದ ಹೂ ಇನ್ನೂ ತುದಿಗೆ ಅಂಟಿಕೊಂಡಿತ್ತು. ಈರಯ್ಯನಿಗೆ ಹೊರಟಿದ್ದೇ ಮರೆತುಹೋಯಿತು.

"ಅಜ್ಜಾರ, ಅಲ್ಲಿ! ಅಲ್ಲಿ ನೋಡ್ರಿ!" ಎಂದು ಬೊಟ್ಟು ಚಾಚಿದ.

ಆ ವಯಸ್ಸಿನಲ್ಲೂ ಅಜ್ಜಾರು ಚಂಗನೆ ಎದ್ದು ಅವನ ಬೆರಳು ಹಿಡಿದು ಮಡಚಿಬಿಟ್ಟರು.

"ಹುಚ್ಚಪ್ಪಾ! ಹೀಚಿಗೆ ಬೊಟ್ಟು ಮಾಡತಾರೇನು? ನಿಮ್ಮವ್ವ ಹೇಳಿಲ್ಲೇನು? ಬೊಟ್ಟು ಮಾಡಿದ್ದು ಬಲಿಯೂದಿಲ್ಲ. ಕೊಳೆತು ಬೀಳತೈತಿ."

"ಹಂಗಾರ ತೋರಸೂದು ಹೆಂಗ್ರಿ?"

"ತೋರಸಬಾರದು. ಎಲಿ ಎತ್ತಿ ನೋಡಬೇಕು, ಮತ್ತ ಮುಚ್ಚಬೇಕು. ಯಾರಾದ್ರೂ ಬಂದ್ರ ಬ್ಯಾರೆ ಕಡೆ ನೋಡಕೋತ ನಿಂದರಬೇಕು."

ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು. "ದಾಟೋರು ಬರ್ರೆಪೋ!"

ಅಜ್ಜಾರು ಆಗ ಅವನ ಹೆಗಲ ಗಂಟು ನೋಡಿದರು.

"ಎಲ್ಲಿಗೆ ಹೊಂಟಿ?"

ಈರಯ್ಯನ ಹನ್ನೆರಡು ವರ್ಷದ ದುಃಖ ಒಮ್ಮೆಲೇ ಉಕ್ಕಿ ಬಂತು.

"ಎಲ್ಲಾರನ್ನೂ ತೋರಿಸಿದ್ರಿ. ಒಂದ ಒಂದು ದಿನ ನನ್ನ ಕಡೆ ಬೊಟ್ಟು ಮಾಡಿ, ಇವ ನಮ್ಮವ ಅಂದ್ರೇನು?"

ಅಜ್ಜಾರ ಕಣ್ಣು ಒದ್ದೆಯಾಗಿತ್ತು. ಈರಯ್ಯನ ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ.

"ಈರಯ್ಯಾ, ಹನ್ನೆರಡು ವರ್ಷ ನನ್ನ ಬೊಟ್ಟು ಮಡಚಿ ಇಟ್ಕೊಳ್ಳೂದು ನನಗ ಸಸಾರ ಇತ್ತಂತ ತಿಳಿದಿಯೇನು?"